ಆಪ್ಷನ್ ಸ್ಪ್ರೆಡ್

ಆಪ್ಷನ್ ಸ್ಪ್ರೆಡ್ ಎಂಬುದು ಒಂದು ಷೇರಿನ ಮೇಲಿನ ಆಪ್ಷನ್ ಒಪ್ಪಂದವನ್ನು ಕೊಂಡು, ಜೊತೆಯಲ್ಲೇ ಅದೇ ಬಗೆಯ ಇನ್ನೊಂದನ್ನು ಬೇರೆ ನಿಗದಿತ ಬೆಲೆಗೆ ಅಥವಾ ಅವಧಿಗೆ ಮಾರುವ ವಹಿವಾಟು. ಮಾರಾಟದಿಂದ ದೊರೆಯುವ ಪ್ರೀಮಿಯಂ ಖರೀದಿಯ ವೆಚ್ಚವನ್ನು ತಗ್ಗಿಸುತ್ತದೆ. ಸಣ್ಣ ಬಂಡವಾಳದವರನ್ನು ಇದು ಸೆಳೆಯುವುದು ಈ ಕಾರಣಕ್ಕೆ. ಭಾರತದಲ್ಲಿ ಷೇರು ಆಪ್ಷನ್‌ಗಳು 2001ರ ಜುಲೈಯಲ್ಲಿ ಆರಂಭವಾದವು.

ಬೆಂಗಳೂರಿನ ಇನ್ಫೋಸಿಸ್ ಷೇರಿನ 1,500 ರೂಪಾಯಿಯ ಕಾಲ್ ಅನ್ನು 40 ರೂಪಾಯಿಗೆ ಕೊಂಡು, 1,540ರ ಕಾಲ್ ಅನ್ನು 24ಕ್ಕೆ ಮಾರಿದರೆಂದು ಭಾವಿಸಬಹುದು. ಷೇರೊಂದಕ್ಕೆ ನಿವ್ವಳ ವೆಚ್ಚ 16 ರೂಪಾಯಿ. 400 ಷೇರುಗಳ ಒಂದು ಲಾಟ್‌ಗೆ ಗರಿಷ್ಠ ನಷ್ಟ 6,400, ಗರಿಷ್ಠ ಲಾಭ 9,600 ರೂಪಾಯಿ. ದಲ್ಲಾಳಿ ಶುಲ್ಕ, ತೆರಿಗೆಗಳು ಬೇರೆ. ಹದಿನೈದು ಸಾವಿರ ರೂಪಾಯಿ ಇಟ್ಟುಕೊಂಡವನಿಗೆ ಇಂತಹ ಎರಡು ಸೋಲುಗಳೇ ಸಾಕು.

ಮುಕ್ತಾಯದ ದಿನದ ತೊಡಕು

ನಷ್ಟಕ್ಕೆ ಮಿತಿಯಿದೆ ಎಂಬ ಮಾತು ಒಪ್ಪಂದವನ್ನು ಕೊನೆಯವರೆಗೂ ಉಳಿಸಿಕೊಂಡಾಗ ಪೂರ್ತಿ ನಿಲ್ಲುವುದಿಲ್ಲ. 2019ರ ಅಕ್ಟೋಬರಿನಿಂದ ಎಲ್ಲ ಷೇರು ಆಪ್ಷನ್‌ಗಳೂ ನಗದಿನ ಬದಲು ಷೇರುಗಳ ಹಸ್ತಾಂತರದಿಂದಲೇ ಇತ್ಯರ್ಥವಾಗುತ್ತವೆ. ಮೇಲಿನ ಉದಾಹರಣೆಯಲ್ಲಿ ಷೇರು 1,530ಕ್ಕೆ ನಿಂತರೆ ಮಾರಿದ ಕಾಲ್ ನಿರರ್ಥಕವಾಗಿ, ಕೊಂಡ ಕಾಲ್ ಮಾತ್ರ ಜಾರಿಗೆ ಬರುತ್ತದೆ. ಆಗ 400 ಷೇರುಗಳಿಗೆ 6 ಲಕ್ಷ ರೂಪಾಯಿ ತೆರಬೇಕು. ಮರುದಿನ ಷೇರು ಕುಸಿದರೆ ಆ ನಷ್ಟಕ್ಕೆ ಸ್ಪ್ರೆಡ್‌ನ ರಕ್ಷಣೆಯಿಲ್ಲ. ಹೀಗಾಗಿ ಅನುಭವಿಗಳು ಮುಕ್ತಾಯಕ್ಕೆ ಮುನ್ನವೇ ಎರಡೂ ಒಪ್ಪಂದಗಳನ್ನು ಒಟ್ಟಿಗೆ ಮುಗಿಸುತ್ತಾರೆ.

ಸೆಬಿ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಅದಕ್ಕೆ ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟು ನಡೆಸಿದ ವ್ಯಕ್ತಿಗಳಲ್ಲಿ ಶೇ. 93ರಷ್ಟು ಮಂದಿ ನಷ್ಟ ಅನುಭವಿಸಿದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ಮೀರಿತ್ತು.