ಸೌದಿಯ ಖನಿಜ ಸರ್ವೆ ಕ್ಯಾಂಪಿಗೆ ಹೊರಡುವ ಮುನ್ನ: ಫೀಲ್ಡ್ ಟೆಕ್ನಿಷಿಯನ್ ಕೆಲಸದ ಪೂರ್ಣ ಮಾಹಿತಿ

ಗಲ್ಫ್ ಕೆಲಸ ಅಂದ್ರೆ ನಮ್ಮವರ ಕಣ್ಣಿಗೆ ಬರೋದು ಅಂಗಡಿ, ಹೋಟೆಲ್, ಕಟ್ಟಡ, ಆಯಿಲ್ ಕಂಪನಿ. ಈಚಿನ ವರ್ಷಗಳಲ್ಲಿ ಸೌದಿಯಲ್ಲಿ ಇನ್ನೊಂದು ದಾರಿ ತೆರೆದಿದೆ. ಅದು ಊರಿಂದ ನೂರಾರು ಕಿಲೋಮೀಟರ್ ದೂರದ ಬೆಟ್ಟ, ವಾದಿಗಳಲ್ಲಿ ಖನಿಜ ಹುಡುಕುವ ಸರ್ವೆ ಕೆಲಸ. ಡಿಪ್ಲೊಮಾ, ಐಟಿಐ ಮಾಡಿದವರಿಗೂ, ಓದು ಕಡಿಮೆ ಇದ್ದು ಮೈಗಟ್ಟಿ ಇರುವವರಿಗೂ ಇಲ್ಲಿ ಜಾಗ ಇದೆ. ಆದರೆ ಒಪ್ಪಿಕೊಳ್ಳುವ ಮುಂಚೆ ಕೆಲಸ ಏನು, ಅಪಾಯ ಎಲ್ಲಿ, ಕಾನೂನು ಏನು ಕೊಡುತ್ತೆ ಅನ್ನೋದು ಗೊತ್ತಿರಲಿ. ಮನೆಯವರೂ ಇದನ್ನು ಓದುವುದು ಒಳ್ಳೆಯದು.

ಈ ಕೆಲಸ ಯಾಕೆ ಹೆಚ್ಚಾಯಿತು?

2016ರಲ್ಲಿ ಘೋಷಣೆಯಾದ ವಿಷನ್ 2030 ಯೋಜನೆಯಲ್ಲಿ ಸೌದಿ ಸರ್ಕಾರ ಎಣ್ಣೆಯ ಮೇಲಿನ ಅವಲಂಬನೆ ತಗ್ಗಿಸಲು ಗಣಿಗಾರಿಕೆಗೆ ದೊಡ್ಡ ಸ್ಥಾನ ಕೊಟ್ಟಿದೆ. 2021ರಿಂದ ಹೊಸ ಗಣಿಗಾರಿಕೆ ಹೂಡಿಕೆ ಕಾನೂನು ಜಾರಿಯಲ್ಲಿದೆ. ದೇಶದ ಪಶ್ಚಿಮ ಭಾಗದ ಹಳೆಯ ಬಂಡೆಗಳ ಪ್ರದೇಶಕ್ಕೆ ಅರೇಬಿಯನ್ ಶೀಲ್ಡ್ ಅನ್ನುತ್ತಾರೆ. ಸುಮಾರು 6 ಲಕ್ಷ ಚದರ ಕಿಲೋಮೀಟರ್, ಅಂದ್ರೆ ನಮ್ಮ ಕರ್ನಾಟಕದ ಮೂರು ಪಟ್ಟು. ಚಿನ್ನ, ತಾಮ್ರ, ಸತುವಿನ ಹುಡುಕಾಟ ಹೆಚ್ಚಾಗಿ ನಡೆಯೋದು ಇಲ್ಲೇ.

ಇದು ಹೊಸ ಕಥೆ ಅಲ್ಲ. ಮದೀನಾ ಪ್ರಾಂತ್ಯದ ಮಹದ್ ಅಲ್ ದಹಬ್ ಎಂಬ ಹೆಸರಿಗೆ ಚಿನ್ನದ ತೊಟ್ಟಿಲು ಎಂದೇ ಅರ್ಥ. ಅಲ್ಲಿ ಪ್ರಾಚೀನ ಕಾಲದಿಂದಲೂ ಚಿನ್ನ ತೆಗೆದಿದ್ದಾರೆ, ಇಂದೂ ತೆಗೆಯುತ್ತಿದ್ದಾರೆ. ಹಟ್ಟಿ, ಸಂಡೂರು ಕಡೆ ಡ್ರಿಲ್ಲಿಂಗ್ ಕೆಲಸ ನೋಡಿದವರಿಗೆ ಇಲ್ಲಿನ ಕೆಲಸದ ರೀತಿ ಬೇಗ ಅರ್ಥ ಆಗುತ್ತೆ. ಅರ್ಥ ಆಗಲು ತಡವಾಗೋದು ಬಿಸಿಲು ಮತ್ತು ದೂರ.

ಕೆಲಸದಲ್ಲಿ ಏನೇನು ಇರುತ್ತೆ?

ಎಲ್ಲಿ ಹುಡುಕಬೇಕು ಎಂದು ಹೇಳುವವರು ಜಿಯಾಲಜಿಸ್ಟ್. ಮಾದರಿ ತಂದು, ರೀಡಿಂಗ್ ತೆಗೆದು ಕೊಡುವವರು ಫೀಲ್ಡ್ ಟೆಕ್ನಿಷಿಯನ್. ಮುಖ್ಯವಾಗಿ ನಾಲ್ಕು ಬಗೆ:

1. ಸ್ಯಾಂಪ್ಲಿಂಗ್: ಒಣ ವಾದಿಯ ಮಣ್ಣು, ಬೆಟ್ಟದ ಮಣ್ಣು, ಬಂಡೆಯ ಚೂರು ಸಂಗ್ರಹಿಸುವುದು. ಜಿಪಿಎಸ್ ತೋರಿಸಿದ ಜಾಗಕ್ಕೆ ನಡೆದು ಹೋಗಿ, ಅಗೆದು, ಜರಡಿ ಹಿಡಿದು, ಚೀಲಕ್ಕೆ ತುಂಬಿ ನಂಬರ್ ಹಾಕಬೇಕು. ಗಾಳಿ ತಂದ ನುಣ್ಣನೆ ಮರಳು ಸೇರಿದರೆ ಫಲಿತಾಂಶ ತೆಳುವಾಗುತ್ತೆ. ಆದ್ದರಿಂದ ಯಾವ ಜರಡಿ, ಎಷ್ಟು ಆಳ ಎಂದು ಹೇಳಿದ್ದಾರೋ ಅದನ್ನೇ ಪಾಲಿಸಬೇಕು.

2. ಮ್ಯಾಗ್ನೆಟಿಕ್ ಸರ್ವೆ: ಮ್ಯಾಗ್ನೆಟೋಮೀಟರ್ ಬೆನ್ನಿಗೆ ಹಾಕಿಕೊಂಡು ನೇರ ಗೆರೆಯಲ್ಲಿ ದಿನವಿಡೀ ನಡೆಯುವ ಕೆಲಸ. ಮೈಮೇಲೆ ಕಬ್ಬಿಣ ಇರಬಾರದು. ಬೆಲ್ಟ್ ಬಕಲ್, ಕೀ, ಮೊಬೈಲ್, ಸ್ಟೀಲ್ ಟೋ ಶೂ ಎಲ್ಲವೂ ರೀಡಿಂಗ್ ಕೆಡಿಸುತ್ತವೆ.

3. ಐಪಿ ಸರ್ವೆ: ನೆಲಕ್ಕೆ ಕರೆಂಟ್ ಬಿಟ್ಟು ಒಳಗಿನ ಸಲ್ಫೈಡ್ ಖನಿಜ ಗುರುತಿಸುವ ವಿಧಾನ. ಒಣ ನೆಲದಲ್ಲಿ ಕರೆಂಟ್ ಸುಲಭವಾಗಿ ಇಳಿಯಲ್ಲ. ಹಾಗಾಗಿ ಗುಂಡಿ ತೋಡಿ, ಫಾಯಿಲ್ ಹಾಸಿ, ಉಪ್ಪುನೀರು ಸುರಿಯಬೇಕು. ಕಿಲೋಮೀಟರ್‌ಗಟ್ಟಲೆ ವೈರ್ ಎಳೆಯುವುದು, ನೀರಿನ ಕ್ಯಾನ್ ಹೊರುವುದು ಇದರ ಬಹುಭಾಗ. ಟ್ರಾನ್ಸ್‌ಮಿಟರ್‌ನಿಂದ ನೂರಾರು ವೋಲ್ಟ್, ಕೆಲವೊಮ್ಮೆ ಸಾವಿರಕ್ಕೂ ಮೇಲೆ ಹರಿಯುತ್ತೆ. ವಾಕಿಟಾಕಿಯಲ್ಲಿ ಕರೆಂಟ್ ಆಫ್ ಎಂದು ಆಪರೇಟರ್ ಬಾಯಿಂದ ಕೇಳಿ, ನೀವೂ ತಿರುಗಿ ಹೇಳಿ, ಆಮೇಲೆ ಮಾತ್ರ ಎಲೆಕ್ಟ್ರೋಡ್ ಮುಟ್ಟಿ. ಭಾಷೆ ಅರ್ಥ ಆಗದಿದ್ದರೆ ಕೈ ಹಾಕಬೇಡಿ, ಮತ್ತೆ ಕೇಳಿ.

4. ಡ್ರಿಲ್ಲಿಂಗ್ ಮತ್ತು ಕೋರ್ ಯಾರ್ಡ್: ಡ್ರಿಲ್ಲಿಂದ ಬಂದ ಕಲ್ಲಿನ ಕೋಲುಗಳನ್ನು ಟ್ರೇಯಲ್ಲಿ ಸಾಲಾಗಿ ಜೋಡಿಸಿ, ಮೀಟರ್ ಗುರುತು ಹಾಕಿ, ಫೋಟೋ ತೆಗೆದು, ಸೀಳಿ, ಅರ್ಧ ಭಾಗ ಲ್ಯಾಬಿಗೆ ಕಳಿಸುವುದು.

ಚೀಲದ ಮೇಲಿನ ನಂಬರ್

ಹೊರಗಿನವರಿಗೆ ಇದು ಮಣ್ಣು ತುಂಬುವ ಕೆಲಸದಂತೆ ಕಾಣುತ್ತೆ. ಆದರೆ ಲ್ಯಾಬ್ ಅಳೆಯೋದು ಪಿಪಿಎಂ ಲೆಕ್ಕದಲ್ಲಿ. 1 ಪಿಪಿಎಂ ಅಂದ್ರೆ ಒಂದು ಟನ್ ಕಲ್ಲಿನಲ್ಲಿ 1 ಗ್ರಾಂ. ಚಿನ್ನದ ಹುಡುಕಾಟದಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ ಪ್ರಮಾಣವೂ ಲೆಕ್ಕಕ್ಕೆ ಬರುತ್ತೆ. ಅದಕ್ಕೇ ಸ್ಯಾಂಪ್ಲಿಂಗ್ ಮಾಡುವವರು ಚಿನ್ನದ ಉಂಗುರ, ಸರ ಹಾಕಬಾರದು ಎಂಬ ನಿಯಮ. ಮದುವೆ ಉಂಗುರ ರೂಮಿನಲ್ಲಿ ಭದ್ರವಾಗಿಡಿ. ಬೆರಳಿಂದ ಸವೆದ ಕಣ ಕೂಡ ಇಲ್ಲದ ಚಿನ್ನ ಇದೆ ಎಂದು ತೋರಿಸಬಹುದು.

ಚೀಲಗಳ ನಡುವೆ ಆಗಾಗ, ಸಾಮಾನ್ಯವಾಗಿ 20ಕ್ಕೆ ಒಂದರಂತೆ, ಮೊದಲೇ ಅಂಶ ಗೊತ್ತಿರುವ ಸ್ಟ್ಯಾಂಡರ್ಡ್, ಏನೂ ಇಲ್ಲದ ಬ್ಲ್ಯಾಂಕ್, ಅದೇ ಜಾಗದ ಡುಪ್ಲಿಕೇಟ್ ಸೇರಿಸುತ್ತಾರೆ. ಲ್ಯಾಬ್ ಮತ್ತು ಫೀಲ್ಡ್ ಎರಡರ ತಪ್ಪೂ ಇದರಲ್ಲಿ ಗೊತ್ತಾಗುತ್ತೆ. ಎರಡು ಚೀಲದ ನಂಬರ್ ಅದಲುಬದಲಾದರೆ ಮುಂದೆ ತಪ್ಪು ಜಾಗದಲ್ಲಿ ಡ್ರಿಲ್ ಇಳಿಯಬಹುದು. ಬಿಸಿಲಿಗೆ ಸುಸ್ತಾಗಿ ಒಂದು ಪಾಯಿಂಟ್ ಬಿಟ್ಟುಹೋದರೆ ಬಿಟ್ಟೆ ಎಂದೇ ಬರೆಯಿರಿ. ಪಕ್ಕದ ಮಣ್ಣು ತುಂಬಿ ಲೆಕ್ಕ ಸರಿಮಾಡಬೇಡಿ. ಅಚ್ಚುಕಟ್ಟಾಗಿ ಬರೆದಿಡುವ ಟೆಕ್ನಿಷಿಯನ್‌ಗೆ ಮುಂದಿನ ಪ್ರಾಜೆಕ್ಟಿನಲ್ಲೂ ಕರೆ ಬರುತ್ತೆ.

ಕೋರ್‌ನ ಫೋಟೋ, ಜಿಪಿಎಸ್ ಲೊಕೇಶನ್, ಲ್ಯಾಬ್ ರಿಸಲ್ಟ್ ಯಾವುದನ್ನೂ ವಾಟ್ಸಾಪ್ ಸ್ಟೇಟಸ್‌ಗೆ ಹಾಕಬೇಡಿ. ಅದು ಕಂಪನಿಯ ಗುಟ್ಟಿನ ಮಾಹಿತಿ, ಕೆಲಸವೇ ಹೋಗಬಹುದು.

ಜೀವಕ್ಕೆ ಅಪಾಯ ಎಲ್ಲಿಂದ?

ಬಿಸಿಲು: ಸೌದಿಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12ರಿಂದ 3 ಗಂಟೆ ತನಕ ನೇರ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ. ಬಾಯಾರಿಕೆ ಆಗಲಿ ಎಂದು ಕಾಯಬೇಡಿ, 15-20 ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಕುಡಿಯಿರಿ. ಜೊತೆಗಾರ ತಡವರಿಸಿ ಮಾತಾಡಿದರೆ, ಗೊಂದಲಗೊಂಡರೆ, ಮೈ ಸುಡುತ್ತಿದ್ದರೆ ಅದು ಹೀಟ್ ಸ್ಟ್ರೋಕ್. ತಕ್ಷಣ ನೆರಳಿಗೆ ತಂದು ಮೈಮೇಲೆ ನೀರು ಸುರಿಯಿರಿ, ಗಾಳಿ ಬೀಸಿ, ಆಂಬುಲೆನ್ಸ್‌ಗೆ 997 ಕರೆ ಮಾಡಿ.

ದಾರಿ ತಪ್ಪುವುದು: 2024ರ ಆಗಸ್ಟ್‌ನಲ್ಲಿ ರಬ್ ಅಲ್ ಖಾಲಿ ಮರುಭೂಮಿಯಲ್ಲಿ ದಾರಿ ತಪ್ಪಿ ಭಾರತದ ಒಬ್ಬ ಯುವಕನೂ ಆತನ ಸಹೋದ್ಯೋಗಿಯೂ ಪ್ರಾಣ ಬಿಟ್ಟ ಸುದ್ದಿ ಓದುಗರಿಗೆ ನೆನಪಿರಬಹುದು. ಅವರದು ಖನಿಜ ಸರ್ವೆ ಅಲ್ಲ, ಆದರೆ ಅಪಾಯ ಒಂದೇ. ಒಂಟಿ ಗಾಡಿಯಲ್ಲಿ ದೂರ ಹೋಗಬೇಡಿ. ಹೊರಡುವಾಗ ಎಲ್ಲಿಗೆ, ಯಾವ ದಾರಿ, ಎಷ್ಟು ಗಂಟೆಗೆ ವಾಪಸ್ ಎಂದು ಕ್ಯಾಂಪಿನಲ್ಲಿ ಬರೆದಿಟ್ಟು ಹೋಗಿ. ಸ್ಯಾಟಲೈಟ್ ಫೋನ್ ಚಾರ್ಜ್ ಆಗಿದೆಯೇ, ಹೆಚ್ಚುವರಿ ನೀರು, ಡೀಸೆಲ್, ಎರಡು ಸ್ಟೆಪ್ನಿ ಇದೆಯೇ ನೋಡಿ. ಗಾಡಿ ಸಿಕ್ಕಿಹಾಕಿಕೊಂಡರೆ ಅದನ್ನು ಬಿಟ್ಟು ನಡೆಯಬೇಡಿ. ಹುಡುಕುವವರಿಗೆ ಮನುಷ್ಯನಿಗಿಂತ ಗಾಡಿ ಬೇಗ ಕಾಣುತ್ತೆ, ನೆರಳೂ ಅಲ್ಲೇ ಇರುತ್ತೆ.

ವಾದಿ: ದೂರದ ಬೆಟ್ಟದಲ್ಲಿ ಮಳೆ ಬಿದ್ದರೂ ಒಣ ವಾದಿಯಲ್ಲಿ ಇದ್ದಕ್ಕಿದ್ದಂತೆ ಪ್ರವಾಹ ಬರುತ್ತೆ. ವಾದಿಯೊಳಗೆ ಟೆಂಟ್ ಹಾಕಬೇಡಿ. ಮೋಡ ಕಂಡರೆ ಗಾಡಿ ಮೇಲಕ್ಕೆ ತನ್ನಿ.

ಧೂಳು: ಬೆಣಚುಕಲ್ಲು ಕೊರೆದಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶದಲ್ಲಿ ಕೂತರೆ ಸಿಲಿಕೋಸಿಸ್ ಬರುತ್ತೆ. ಇದು ವಾಸಿಯಾಗುವ ಕಾಯಿಲೆ ಅಲ್ಲ. ಕೆಜಿಎಫ್‌ನ ಹಳಬರಿಗೆ ಇದು ಚೆನ್ನಾಗಿ ಗೊತ್ತು. ಕೋರ್ ಸೀಳುವಾಗ ನೀರು ಹರಿಯುತ್ತಿರಲಿ, ಮುಖಕ್ಕೆ ಬಿಗಿಯಾಗಿ ಕೂರುವ ಎನ್95 ಮಾಸ್ಕ್ ಕೇಳಿ ಪಡೆಯಿರಿ. ತಲೆಗೆ ಸುತ್ತುವ ಬಟ್ಟೆ ಈ ಧೂಳನ್ನು ತಡೆಯಲ್ಲ.

ಉಳಿದದ್ದು: ಚೇಳು, ಹಾವು ಇರುವ ಜಾಗ. ಬೆಳಿಗ್ಗೆ ಶೂ ಕೊಡವಿ ಹಾಕಿ, ಕಲ್ಲಡಿಗೆ ಬರಿಗೈ ಹಾಕಬೇಡಿ. ಹಳೆಯ ಗಣಿಗಳ ತೆರೆದ ಬಾವಿಗಳ ಅಂಚು ಕುಸಿಯುತ್ತೆ, ಬಗ್ಗಿ ನೋಡಲು ಹೋಗಬೇಡಿ.

ಕಾಂಟ್ರಾಕ್ಟ್: ಸಹಿಗೆ ಮುಂಚೆ ನೋಡಬೇಕಾದದ್ದು

* ಹುದ್ದೆ ಏನೆಂದು ಬರೆದಿದೆ? ಊರಲ್ಲಿ ಟೆಕ್ನಿಷಿಯನ್ ಎಂದು ಹೇಳಿ ಇಲ್ಲಿ ಲೇಬರ್ ಎಂದಿದ್ದರೆ ಸಂಬಳವೂ ಮುಂದಿನ ದಾರಿಯೂ ಬದಲಾಗುತ್ತೆ. ಕಿವಾ ಪೋರ್ಟಲ್‌ನಲ್ಲಿರುವ ಕಾಂಟ್ರಾಕ್ಟನ್ನು ನೀವೇ ತೆರೆದು ಓದಿ.
* ಬೇಸಿಕ್ ಎಷ್ಟು, ಸೈಟ್ ಅಲೋವೆನ್ಸ್ ಎಷ್ಟು? ದಿನಕ್ಕೆ 8, ವಾರಕ್ಕೆ 48 ಗಂಟೆ ಮೀರಿದರೆ ಓವರ್‌ಟೈಮ್. ಗಂಟೆಯ ವೇತನದ ಜೊತೆ ಬೇಸಿಕ್‌ನ ಶೇ. 50 ಸೇರಬೇಕು.
* ಎಷ್ಟು ವಾರ ಕ್ಯಾಂಪ್, ಎಷ್ಟು ವಾರ ರಜೆ? ರಜೆಯ ವಾರಕ್ಕೆ ಸಂಬಳ ಇದೆಯೇ, ಟಿಕೆಟ್ ಯಾರದು? ಬಾಯಿಮಾತು ಸಾಲದು, ಬರಹದಲ್ಲಿರಲಿ.
* ದೂರದ ಸೈಟ್ ಮತ್ತು ಗಣಿ ಪ್ರದೇಶದಲ್ಲಿ ವಸತಿ, ಊಟ ಕೊಡುವುದು ಮಾಲೀಕರ ಹೊಣೆ ಎಂದು ಸೌದಿ ಕಾರ್ಮಿಕ ಕಾನೂನು ಹೇಳುತ್ತೆ. ಇಕಾಮಾ ಖರ್ಚೂ ಅವರದೇ. ಪಾಸ್‌ಪೋರ್ಟ್ ನಿಮ್ಮ ಕೈಯಲ್ಲಿರಬೇಕು.
* ಭಾರತದಲ್ಲಿ ನೋಂದಾಯಿತ ಏಜೆಂಟ್ ಪಡೆಯಬಹುದಾದ ಸೇವಾ ಶುಲ್ಕ ಗರಿಷ್ಠ 30,000 ರೂಪಾಯಿ ಮತ್ತು ಜಿಎಸ್‌ಟಿ. ಏಜೆಂಟ್ ಹೆಸರು ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಇದೆಯೇ ನೋಡಿ, ರಸೀದಿ ಪಡೆಯಿರಿ.
* ಇಸಿಆರ್ ಪಾಸ್‌ಪೋರ್ಟ್ ಇರುವವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯಕ್ಕೆ 10 ಲಕ್ಷ ರೂಪಾಯಿ ವಿಮೆ. ಪಾಲಿಸಿಯ ಪ್ರತಿ ಮನೆಯಲ್ಲಿರಲಿ.

ಕೆಲಸದಲ್ಲಿ ಗಾಯವಾದರೆ ಸಣ್ಣದೆಂದು ಬಿಡದೆ ಅದೇ ದಿನ ಬರಹದಲ್ಲಿ ದಾಖಲಿಸಿ, ಫೋಟೋ ಇಟ್ಟುಕೊಳ್ಳಿ. ಸಂಬಳ, ಕೆಲಸದ ದೂರುಗಳಿಗೆ ಸೌದಿ ಕಾರ್ಮಿಕ ಸಚಿವಾಲಯದ ನಂಬರ್ 19911.

ರಜೆಗೆ ಊರಿಗೆ ಬರುವಾಗ

ಸ್ಯಾಟಲೈಟ್ ಫೋನ್ ಅಥವಾ ಸ್ಯಾಟಲೈಟ್ ಮೆಸೇಜ್ ಕಳಿಸುವ ಜಿಪಿಎಸ್ ಉಪಕರಣವನ್ನು ಬ್ಯಾಗಿನಲ್ಲಿ ತರಬೇಡಿ. ಅನುಮತಿ ಇಲ್ಲದೆ ಭಾರತದಲ್ಲಿ ಇವನ್ನು ಇಟ್ಟುಕೊಳ್ಳುವಂತಿಲ್ಲ, ವಿಮಾನ ನಿಲ್ದಾಣದಲ್ಲೇ ಬಂಧನ ಆಗಬಹುದು. ನೆನಪಿಗೆಂದು ಸೈಟಿನ ಕಲ್ಲೂ ಬೇಡ.

ಮನೆಯವರಿಗೆ

ಕ್ಯಾಂಪಿನಲ್ಲಿ ಫೋನ್ ಸಿಗ್ನಲ್ ಹಲವು ದಿನ ಇರಲ್ಲ. ಫೋನ್ ಬರಲಿಲ್ಲ ಅಂದ್ರೆ ಅಪಾಯ ಆಗಿದೆ ಎಂದಲ್ಲ. ಆದರೆ ಎಷ್ಟು ದಿನ ಕಾಯಬೇಕು ಅನ್ನೋದು ಮೊದಲೇ ಮಾತಾಡಿರಬೇಕು. ಹೊರಡುವ ಮುಂಚೆ ಒಂದು ಹಾಳೆಯಲ್ಲಿ ಇಷ್ಟು ಬರೆದು ಮನೆಯಲ್ಲಿಡಿ: ಕಂಪನಿಯ ಪೂರ್ಣ ಹೆಸರು, ರಿಯಾದ್ ಅಥವಾ ಜೆದ್ದಾ ಆಫೀಸಿನ ನಂಬರ್, ಸೂಪರ್‌ವೈಸರ್ ನಂಬರ್, ಕ್ಯಾಂಪ್ ಹತ್ತಿರದ ಊರು, ಇಕಾಮಾ ಮತ್ತು ಪಾಸ್‌ಪೋರ್ಟ್ ನಂಬರ್, ವಾರದಲ್ಲಿ ಯಾವ ದಿನ ಫೋನ್.

ಹೇಳಿದ ದಿನ ಕರೆ ಬರದಿದ್ದರೆ ಮೊದಲು ಸೂಪರ್‌ವೈಸರ್, ಆಮೇಲೆ ಕಂಪನಿ ಆಫೀಸ್. ಅಲ್ಲೂ ಸರಿಯಾದ ಉತ್ತರ ಸಿಗದಿದ್ದರೆ ರಿಯಾದ್‌ನ ಭಾರತೀಯ ರಾಯಭಾರ ಕಚೇರಿ ಅಥವಾ ಜೆದ್ದಾದ ಕಾನ್ಸುಲೇಟ್, ಜೊತೆಗೆ ವಿದೇಶಾಂಗ ಇಲಾಖೆಯ ಮದದ್ ಪೋರ್ಟಲ್‌ನಲ್ಲಿ ದೂರು ದಾಖಲಿಸಿ. ಆಗ ಮೇಲಿನ ಹಾಳೆಯ ಒಂದೊಂದು ಸಾಲೂ ಬೇಕಾಗುತ್ತೆ. ಮರುಭೂಮಿಯಲ್ಲಿ ಚೀಲಕ್ಕೆ ನಂಬರ್ ಎಷ್ಟು ಮುಖ್ಯವೋ, ಅದನ್ನು ತುಂಬುವ ಮನುಷ್ಯ ಎಲ್ಲಿದ್ದಾನೆ ಎಂದು ನಾಲ್ಕು ಜನರಿಗೆ ಗೊತ್ತಿರುವುದು ಅದಕ್ಕಿಂತ ಮುಖ್ಯ.