ಜಕಣಾಚಾರಿಯ ಕಪ್ಪೆ, ದಾಸೋಜನ ಸಹಿ

ಬೇಲೂರಿನ ಚೆನ್ನಕೇಶವ ದೇಗುಲದ ಅಂಗಳಕ್ಕೆ ಕಾಲಿಟ್ಟವರು ಕಪ್ಪೆಯ ಕತೆ ಕೇಳದೆ ಹಿಂತಿರುಗುವುದಿಲ್ಲ. ಮುಖ್ಯ ಗುಡಿಯ ದಕ್ಷಿಣಕ್ಕಿರುವ ಕಪ್ಪೆ ಚೆನ್ನಿಗರಾಯನ ಗುಡಿಯ ಮುಂದೆ ನಿಂತು ಗೈಡ್ ಮಾತು ಶುರು ಮಾಡಿದರೆ, ಪ್ರವಾಸಕ್ಕೆ ಬಂದ ಶಾಲಾ ಮಕ್ಕಳೂ ಗಲಾಟೆ ನಿಲ್ಲಿಸುತ್ತಾರೆ.

ತುಮಕೂರು ಬಳಿಯ ಕ್ರೀಡಾಪುರದ ಜಕಣಾಚಾರಿ, ಶಿಲ್ಪಕಲೆಯ ಹುಚ್ಚಿನಲ್ಲಿ ಎಳೆಯ ಹೆಂಡತಿಯನ್ನು ಬಿಟ್ಟು ಊರೂರು ಅಲೆದು ಬೇಲೂರಿಗೆ ಬಂದನಂತೆ. ತಾನು ಕಾಣದ ತಂದೆಯನ್ನು ಅರಸುತ್ತ ಮಗ ಡಂಕಣನೂ ಅಲ್ಲಿಗೇ ಬಂದ. ಜಕಣನ ಕೇಶವ ಮೂರ್ತಿಯನ್ನು ನೋಡಿದ ಹುಡುಗ ‘ಕಲ್ಲಿನಲ್ಲಿ ದೋಷವಿದೆ’ ಎಂದ. ದೋಷವಿದ್ದರೆ ಬಲಗೈ ಕಡಿದುಕೊಳ್ಳುವೆನೆಂದು ಜಕಣ ಪಣ ತೊಟ್ಟ. ಮೂರ್ತಿಗೆ ಗಂಧ ಬಳಿದರು. ಎಲ್ಲೆಡೆ ಒಣಗಿದ ಗಂಧ ಹೊಕ್ಕುಳ ಬಳಿ ಮಾತ್ರ ಹಸಿಯಾಗಿಯೇ ಉಳಿಯಿತು. ಅಲ್ಲಿ ಉಳಿ ಇಟ್ಟಾಗ ನೀರು, ಮರಳು, ಒಂದು ಕಪ್ಪೆ! ಕೈ ಹೋಯಿತು. ತಂದೆ ಮಗ ಒಬ್ಬರನ್ನೊಬ್ಬರು ಗುರುತಿಸಿದ್ದು ಆ ಮೇಲೆ. ಹುಟ್ಟೂರಿನಲ್ಲಿ ಕೇಶವನ ಗುಡಿ ಕಟ್ಟಿದಾಗ ಕೈ ಮರಳಿ ಬಂತು, ಊರು ‘ಕೈದಾಳ’ವಾಯಿತು ಎಂಬುದು ಪ್ರತೀತಿ. 1964ರಲ್ಲಿ ಬಿ.ಎಸ್. ರಂಗಾ ಅವರ ‘ಅಮರಶಿಲ್ಪಿ ಜಕಣಾಚಾರಿ’ ಬಣ್ಣದಲ್ಲಿ ತೆರೆಗೆ ಬಂದ ಮೇಲಂತೂ ಈ ಕತೆ ಮನೆಮಾತಾಯಿತು.

ಕತೆ ಚೆನ್ನಾಗಿದೆ. ಆದರೆ ಕಲ್ಲು ಹೇಳುವುದೇ ಬೇರೆ.

ಹೊಯ್ಸಳ ವಿಷ್ಣುವರ್ಧನ 1117ರಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ. ಕಪ್ಪೆ ಚೆನ್ನಿಗರಾಯನನ್ನು ಪ್ರತಿಷ್ಠಾಪಿಸಿದವಳು ಪಟ್ಟದ ರಾಣಿ ಶಾಂತಲೆ. ಗುಡಿಯ ಶಿಲ್ಪಗಳ ಕೆಳಗೆ ಹಳಗನ್ನಡ ಅಕ್ಷರಗಳಲ್ಲಿ ಹಲವು ರೂವಾರಿಗಳ ಹೆಸರುಗಳಿವೆ. ಆ ಸಹಿಗಳ ನಡುವೆ ಜಕಣಾಚಾರಿಯ ಹೆಸರಿಲ್ಲ. ಮೈಸೂರು ಪ್ರಾಚ್ಯವಸ್ತು ಇಲಾಖೆಯ ಆರ್. ನರಸಿಂಹಾಚಾರ್ ಅವರು 1919ರಲ್ಲಿ ಈ ದೇಗುಲದ ಬಗ್ಗೆ ಹೊರತಂದ ಪುಸ್ತಕದಲ್ಲಿ ಸಹಿಗಳ ವಿವರಗಳಿವೆ. ಜಕಣಾಚಾರಿ ಒಬ್ಬ ವ್ಯಕ್ತಿಯಲ್ಲ, ದಕ್ಷಿಣದ ಶಿಲ್ಪಿ ಎಂಬರ್ಥದ ‘ದಕ್ಷಿಣಾಚಾರ್ಯ’ ಎಂಬ ಮಾತೇ ಜನರ ಬಾಯಲ್ಲಿ ಹೀಗಾಗಿರಬಹುದು ಎಂದು ಊಹಿಸಿದ ವಿದ್ವಾಂಸರೂ ಇದ್ದಾರೆ.

ಸಹಿಗಳಲ್ಲಿ ಎರಡು ಹೆಸರು ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದವು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಸೂರಿನಡಿಯ ಮದನಿಕೆಯರಲ್ಲಿ ಹಲವರು ಈ ತಂದೆ ಮಗನ ಕೈಯಿಂದ ಮೂಡಿದವರು. ಇಂದಿನ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆ ಅಂದು ಚಾಲುಕ್ಯ ನಾಡಿನ ದೊಡ್ಡ ಪಟ್ಟಣ. ಗದುಗಿನ ಕಡೆಯಿಂದಲೂ ಶಿಲ್ಪಿಗಳು ಬಂದಿದ್ದರು. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಬಳಪದ ಕಲ್ಲು ಇವರ ಕೈಗೆ ಸಿಕ್ಕಿತು. ಸಂಕೋಚದ ಜನರೂ ಇವರಲ್ಲ. ಎದುರಾಳಿ ಶಿಲ್ಪಿಗಳೆಂಬ ಬೆಟ್ಟಕ್ಕೆ ತಾವು ಸಿಡಿಲು ಎಂಬಂಥ ಬಿರುದುಗಳನ್ನೂ ಕೆತ್ತಿಕೊಂಡಿದ್ದಾರೆ. ಕೈ ಕಡಿದುಕೊಳ್ಳುವ ಪಣ ಇಂಥ ಗರ್ವದ ಲೋಕದಲ್ಲೇ ಹುಟ್ಟಲು ಸಾಧ್ಯವೇನೋ!

ಕೈದಾಳಕ್ಕೂ ಹೋಗಿ ಬಂದೆ. ಚೆನ್ನಕೇಶವನ ಮೂರ್ತಿ ಸೊಗಸಾಗಿದೆ. ಊರಿನಲ್ಲಿರುವ 1150ರ ಸುಮಾರಿನ ಶಾಸನದಲ್ಲಿ, ಹೊಯ್ಸಳ ಒಂದನೇ ನರಸಿಂಹನ ಸಾಮಂತ ಗೂಳಿ ಬಾಚಿ ದೇವಾಲಯಗಳನ್ನೂ ಜಿನಾಲಯವನ್ನೂ ಕಟ್ಟಿಸಿದ ಸಂಗತಿಯಿದೆ.

ಜನವರಿ 1ನ್ನು ರಾಜ್ಯ ಸರ್ಕಾರ ಜಕಣಾಚಾರಿ ಸಂಸ್ಮರಣಾ ದಿನವಾಗಿ ಆಚರಿಸುತ್ತ ಬಂದಿದೆ. ಬೇಲೂರು, ಹಳೇಬೀಡು, ಸೋಮನಾಥಪುರ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಕತೆಗೆ ನನ್ನ ತಕರಾರಿಲ್ಲ. ಆದರೆ ಹೆಸರು ಉಳಿಯಲೆಂದೇ ಉಳಿ ಹಿಡಿದು ಸಹಿ ಮಾಡಿದವರನ್ನು ಒಂಬೈನೂರು ವರ್ಷಗಳ ಮೇಲೆ ಯಾರೂ ಕೇಳುವವರಿಲ್ಲ.

ದಾಸೋಜನ ಹೆಸರನ್ನು ಯಾಕೆ ಹೇಳುವುದಿಲ್ಲ ಎಂದು ಗೈಡ್‌ನನ್ನು ಕೇಳಿದೆ. ‘ಗೊತ್ತು ಸಾರ್, ಆದರೆ ಜನಕ್ಕೆ ಬಸ್ಸಿಗೆ ಹೊತ್ತಾಗಿರುತ್ತೆ. ಕಪ್ಪೆ ಬಿಟ್ಟರೆ ಬೈಯ್ತಾರೆ’ ಎಂದ. ಆಮೇಲೆ ಏನನ್ನಿಸಿತೋ, ನನ್ನನ್ನು ಪಕ್ಕಕ್ಕೆ ಕರೆದು ಮದನಿಕೆಯೊಬ್ಬಳ ಕಾಲಡಿಯ ಸಾಲನ್ನು ಬೆರಳೆತ್ತಿ ತೋರಿಸಿದ. ಕುತ್ತಿಗೆ ನೋಯುವಷ್ಟು ಹೊತ್ತು ನೋಡಿ, ಒಂದೊಂದೇ ಅಕ್ಷರ ಕೂಡಿಸಿ ಓದಿದೆ.