ಮೈಸೂರಿನ ಬಾಣ, ವುಲ್ವಿಚ್‌ನ ರಾಕೆಟ್ಟು: ಯುದ್ಧಸಾಮಗ್ರಿಯ ಉತ್ಪಾದನೆಯನ್ನು ಕುರಿತು ಒಂದು ವಿವೇಚನೆ

ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ರಾಕೆಟ್ಟುಗಳನ್ನು ಕುರಿತ ಬರಹಗಳು ಸಾಮಾನ್ಯವಾಗಿ ಆವಿಷ್ಕಾರದ ಹಿರಿಮೆಯನ್ನೇ ಎತ್ತಿಹೇಳುತ್ತವೆ. ಯುದ್ಧದ ಅಗತ್ಯಕ್ಕೆ ತಕ್ಕಷ್ಟು ರಾಕೆಟ್ಟುಗಳು ಸಿದ್ಧವಾಗುತ್ತಿದ್ದವೆ ಎಂಬ ಪ್ರಶ್ನೆ ಹಿಂದೆ ಉಳಿದಿದೆ. ಅದನ್ನು ಇಲ್ಲಿ ಸಂಕ್ಷಿಪ್ತವಾಗಿ ಪರಿಶೀಲಿಸಲಾಗಿದೆ.

ಭಾರತದಲ್ಲಿ ‘ಬಾಣ’ವೆಂದು ಮೊದಲೇ ಪರಿಚಿತವಾಗಿದ್ದ ಈ ಅಸ್ತ್ರಕ್ಕೆ ಮೈಸೂರಿನ ವಿಶಿಷ್ಟ ಕೊಡುಗೆಯೆಂದರೆ ಕಬ್ಬಿಣದ ಕೊಳವೆ. ಕಾಗದದ ಕೊಳವೆ ತಾಳಲಾರದ ಒತ್ತಡವನ್ನು ಅದು ತಾಳುತ್ತಿದ್ದುದರಿಂದ ಮದ್ದನ್ನು ಬಿಗಿಯಾಗಿ ಜಡಿಯುವುದು ಸಾಧ್ಯವಾಯಿತು. ಬಾಣ ಕ್ರಮಿಸುವ ದೂರವೂ ಹೆಚ್ಚಿತು. ಆದರೆ ಕೊಳವೆ ಮಾಡುವುದು ಕಮ್ಮಾರನ ಕೆಲಸ, ಮದ್ದು ತುಂಬುವುದು ಬೇರೆಯೇ ಕಸುಬು.

1799ರ ಮೇ 4ರಂದು ಶ್ರೀರಂಗಪಟ್ಟಣ ಪತನವಾದಾಗ ಅಲ್ಲಿ ಬಳಕೆಗೆ ಸಿದ್ಧವಾದ 700 ಬಾಣಗಳೂ 9,000 ಖಾಲಿ ಕೊಳವೆಗಳೂ ದೊರೆತವೆಂದು ಹೇಳಲಾಗಿದೆ. ಮದ್ದು ತೇವಕ್ಕೆ ಕೆಡುವ ವಸ್ತುವಾದ್ದರಿಂದ ಖಾಲಿ ಕೊಳವೆಗಳ ದಾಸ್ತಾನನ್ನು ಅಲಕ್ಷ್ಯದ ಗುರುತೆಂದೇ ಭಾವಿಸಬೇಕಾಗಿಲ್ಲ. ಆದರೂ ಮುತ್ತಿಗೆಯ ಹೊತ್ತಿನಲ್ಲಿ ಲೆಕ್ಕಕ್ಕೆ ಬರುವುದು ತುಂಬಿದ ಬಾಣವೇ.

ಮೈಸೂರಿನ ಈ ಅನುಭವದಿಂದ ಪ್ರೇರಣೆ ಪಡೆದ ವಿಲಿಯಂ ಕಾಂಗ್ರೀವ್ 1804ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಪ್ರಯೋಗ ಆರಂಭಿಸಿದನು. ಅವನ ತಂದೆ ವುಲ್ವಿಚ್‌ನ ರಾಜಪ್ರಯೋಗಶಾಲೆಯ ಮುಖ್ಯಾಧಿಕಾರಿಯಾಗಿದ್ದನು. ಕಾಂಗ್ರೀವ್ ಮದ್ದಿನ ಮಿಶ್ರಣವನ್ನು ಪರೀಕ್ಷಿಸಿದನು, ರಾಕೆಟ್ಟುಗಳನ್ನು ತೂಕದ ಪ್ರಕಾರ ವರ್ಗೀಕರಿಸಿದನು. 1806ರಲ್ಲಿ ಬೂಲೋನ್ ಮೇಲೆ, 1807ರಲ್ಲಿ ಕೋಪನ್‌ಹೇಗನ್ ಮೇಲೆ ಅವು ಪ್ರಯೋಗವಾದವು. ಗುರಿಯ ನಿಖರತೆ ಅವನಿಗೂ ಸಿದ್ಧಿಸಲಿಲ್ಲ. ಆದರೆ ಒಂದು ಅಸ್ತ್ರವನ್ನು ಪರೀಕ್ಷಿಸಿ, ತಿದ್ದಿ, ಮತ್ತೆ ಮತ್ತೆ ಉತ್ಪಾದಿಸಬಲ್ಲ ಸಂಸ್ಥೆ ಅವನ ಬೆನ್ನಿಗಿತ್ತು. ಮೈಸೂರಿನ ಕಾರ್ಯಾಗಾರಗಳಿಗೆ 1799ರ ಅನಂತರ ರಾಜಾಶ್ರಯವೇ ಉಳಿಯಲಿಲ್ಲ.

ರೊದ್ದಂ ನರಸಿಂಹ ಅವರು 1985ರಲ್ಲಿ ಮೈಸೂರು ಮತ್ತು ಬ್ರಿಟನ್ನಿನ ರಾಕೆಟ್ಟುಗಳನ್ನು ತೌಲನಿಕವಾಗಿ ಅಭ್ಯಸಿಸಿ ದಾರಿ ತೋರಿದರು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯೊಂದರಲ್ಲಿ ಸಾವಿರಕ್ಕೂ ಹೆಚ್ಚು ಕೊಳವೆಗಳು ದೊರೆತಿವೆ. ಅವು ಒಂದೇ ಅಳತೆಯವಲ್ಲ. ಈ ವ್ಯತ್ಯಾಸ ಉದ್ದೇಶಿತ ವರ್ಗೀಕರಣವೋ ಕುಲುಮೆಯಿಂದ ಕುಲುಮೆಗೆ ಬಂದ ಭೇದವೋ ಎಂಬುದನ್ನು ಅಳೆದು ನಿರ್ಧರಿಸಬೇಕಾಗಿದೆ. ಮದ್ರಾಸ್ ಸರ್ಕಾರದ ಹಳೆಯ ಸೈನಿಕ ಕಡತಗಳಿರುವ ಚೆನ್ನೈನ ಪತ್ರಾಗಾರ ಹೊರನಾಡಿನ ಕನ್ನಡ ಸಂಶೋಧಕರಿಗೆ ಸಮೀಪದಲ್ಲಿದೆ. ಮುಂದಿನ ಯುದ್ಧದ ಸಿದ್ಧತೆ ಹೊಸ ಅಸ್ತ್ರದ ಕಲ್ಪನೆಯಲ್ಲಷ್ಟೇ ಇಲ್ಲ, ಅದನ್ನು ಏಕರೂಪವಾಗಿ, ಸಕಾಲದಲ್ಲಿ ಒದಗಿಸುವ ವ್ಯವಸ್ಥೆಯಲ್ಲಿಯೂ ಇದೆ. ಮೈಸೂರಿನ ಚರಿತ್ರೆಯನ್ನು ಈ ದೃಷ್ಟಿಯಿಂದ ಮರಳಿ ಓದುವುದು ಅಗತ್ಯ.